ಬನ್ನಿ ಹಾಪ್ ಕಲಿಕೆ: ಎರಡು ಸೈಕಲ್, ಎರಡು ಪೆಡಲ್, ಎರಡು ದಾರಿ

ನನ್ನ ಹತ್ತಿರ ಒಂದು ರಟ್ಟಿನ ಡಬ್ಬವಿದೆ. ಎತ್ತರ 12 ಸೆಂಟಿಮೀಟರ್. ಹತ್ತಾರು ಸಲ ಅಪ್ಪಚ್ಚಿಯಾಗಿ, ಮೈತುಂಬ ಟೇಪು ಸುತ್ತಿಸಿಕೊಂಡು ಇನ್ನೂ ಎದ್ದು ನಿಂತಿದೆ. ಅದರ ಮೇಲೆಲ್ಲ ಟಯರಿನ ಅಚ್ಚುಗಳು, ಎಲ್ಲವೂ ಹಿಂದಿನ ಚಕ್ರದವೇ. ಮುಂದಿನ ಚಕ್ರ ಮೊದಲ ದಿನದಿಂದಲೇ ಡಬ್ಬವನ್ನು ದಾಟುತ್ತಿತ್ತು. ಹಿಂದಿನದು ಮಾತ್ರ ತಪ್ಪದೆ ಬಂದು ತುಳಿಯುತ್ತಿತ್ತು.

ಸೈಕಲ್ ಸಮೇತ ಹಾರುವ ಬನ್ನಿ ಹಾಪ್ ಕಲಿಯಲು ಐದು ತಿಂಗಳು ಈ ಡಬ್ಬದ ಜೊತೆ ಗುದ್ದಾಡಿದ್ದೇನೆ. ಈ ಅವಧಿಯಲ್ಲಿ ಎರಡು ಬಗೆಯ ಹಾರಿಕೆ, ಎರಡು ಬಗೆಯ ಪೆಡಲ್, ಎರಡು ಸೈಕಲ್ ಬಳಸಿ ನೋಡಿದೆ. ವಯಸ್ಸು ನಲವತ್ತು ದಾಟಿದೆ, ಸೈಕಲ್ ತುಳಿದ ಅನುಭವ ಸಾಕಷ್ಟಿದೆ, ಸರ್ಕಸ್ ಮಾಡಿದ ಅನುಭವ ಸೊನ್ನೆ. ಹದಿನಾಲ್ಕರ ಹುಡುಗರಿಗೆ ಇದರಲ್ಲಿ ಅರ್ಧ ಮಾತು ಬೇಕಾಗದಿರಬಹುದು. ಅವರಿಗೆ ಅದು ನೋಡುತ್ತಲೇ ಬಂದುಬಿಡುತ್ತದೆ.

ಮೊದಲು ಹಾರಿಕೆಯ ವಿಷಯ. ಬನ್ನಿ ಹಾಪ್ ಅಂದರೆ ಓಡುತ್ತಿರುವ ಸೈಕಲ್ಲಿನ ಎರಡೂ ಚಕ್ರಗಳನ್ನು ಯಾವ ದಿಣ್ಣೆಯ ಸಹಾಯವೂ ಇಲ್ಲದೆ ನೆಲದಿಂದ ಎತ್ತುವುದು. ಇದರಲ್ಲಿ ಇಂಗ್ಲಿಷ್ ಹಾಪ್, ಅಮೆರಿಕನ್ ಹಾಪ್ ಎಂದು ಎರಡು ಬಗೆ. ಇಂಗ್ಲಿಷ್ ಹಾಪಿನಲ್ಲಿ ಕೈಕಾಲು ಮಡಿಸಿ ಸೈಕಲ್ಲನ್ನು ಕೆಳಕ್ಕೆ ಒತ್ತಿ, ಒಮ್ಮೆಲೇ ಮೇಲಕ್ಕೆ ನೆಗೆಯುತ್ತೀರಿ. ಎರಡೂ ಚಕ್ರ ಒಟ್ಟಿಗೆ, ನೆಲಕ್ಕೆ ಸಮನಾಗಿ ಏಳುತ್ತವೆ. ಅಮೆರಿಕನ್ ಹಾಪಿನಲ್ಲಿ ಮೊದಲು ಸೊಂಟ ಹಿಂದಕ್ಕೂ ಕೆಳಕ್ಕೂ ಹೋಗುತ್ತದೆ. ಕೈ ನೇರವಾಗಿಯೇ ಇರುತ್ತದೆ, ಮುಂದಿನ ಚಕ್ರ ತಾನಾಗಿ ಏಳುತ್ತದೆ. ಆಮೇಲೆ ಹಿಂದಿನ ಚಕ್ರದ ಮೇಲೆಯೇ ಎದ್ದು ನಿಂತು, ಸೊಂಟವನ್ನು ಹ್ಯಾಂಡಲ್ಲಿನ ತನಕ ತಂದು, ಹ್ಯಾಂಡಲ್ಲನ್ನು ಮುಂದಕ್ಕೆ ದೂಡಿದರೆ ಹಿಂದಿನ ಚಕ್ರ ಕಾಲಡಿಗೆ ಬರುತ್ತದೆ. ಸೊಂಟ ಹೋಗುವ ದಾರಿ ‘ಎಲ್’ ಅಕ್ಷರದ ಹಾಗೆ: ಮೊದಲು ಹಿಂದಕ್ಕೆ, ಆಮೇಲೆ ಮೇಲಕ್ಕೆ.

ಇಂಗ್ಲಿಷ್ ಹಾಪ್ ನನಗೆ ಒಂದೇ ಸಂಜೆಯಲ್ಲಿ ಬಂತು. ಕ್ಲಿಪ್‌ಲೆಸ್ ಪೆಡಲ್ ಹಾಕಿದ್ದೆ. ಶೂವಿನ ಅಡಿಯ ಲೋಹದ ತುಂಡು ಪೆಡಲಿಗೆ ಕಚ್ಚಿಕೊಳ್ಳುವ ಬಗೆ ಇದು. ಶೂ ಕಚ್ಚಿಕೊಂಡೇ ಇರುವಾಗ ಹೆಸರು ಮಾತ್ರ ಕ್ಲಿಪ್ ಇಲ್ಲದ್ದು! ಹಳೆಯ ಕಾಲದ ಪೆಡಲ್‌ಗಳಿಗೆ ಕಾಲ್ಬೆರಳು ತೂರಿಸುವ ಪಂಜರದಂಥ ಕ್ಲಿಪ್ ಇರುತ್ತಿತ್ತು. ಅದನ್ನು ತೆಗೆದುಹಾಕಿದ್ದಕ್ಕೆ ಈ ಹೆಸರು. ಮೌಂಟನ್ ಬೈಕಿಗೆಂದೇ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೋ ಎಸ್‌ಪಿಡಿ ಎಂಬ ಇಂಥ ಪೆಡಲ್ ತಂದದ್ದು 1990ರಲ್ಲಿ. ಕಾಲು ಪೆಡಲಿಗೆ ಅಂಟಿಕೊಂಡಿದ್ದರೆ ಮೇಲಕ್ಕೆ ನೆಗೆದಾಗ ಸೈಕಲ್ಲು ಬಾಲದ ಹಾಗೆ ಹಿಂದೆಯೇ ಬರುತ್ತದೆ. ಡಬ್ಬ ದಾಟಿದೆ. ಮೇಲೊಂದು ಹಲಗೆ ಇಟ್ಟೆ, ಅದನ್ನೂ ದಾಟಿದೆ. 17 ಸೆಂಟಿಮೀಟರಿಗೆ ನಿಂತೆ. ಅದೇ ದಿನ ಮೂವರಿಗಾದರೂ ಫೋನ್ ಮಾಡಿ ಹೇಳಿಕೊಂಡಿರಬೇಕು.

ಮುಂದಿನ ಎರಡು ವಾರ ಅಷ್ಟೇ ಎತ್ತರ. ಒಂದು ಸೆಂಟಿಮೀಟರ್ ಹೆಚ್ಚಲಿಲ್ಲ.

ಆಗ ತಂಗಿಯ ಮಗ ಬಂದು ನೋಡಿದ. ಬಿಎಂಎಕ್ಸ್, ಅಂದರೆ ಓಟಕ್ಕೂ ಸಾಹಸಕ್ಕೂ ಮಾಡಿದ ಚಿಕ್ಕ ಚಕ್ರದ ಸೈಕಲ್ಲು, ಓಡಿಸುವವನು. ಎರಡು ಸಲ ಹಾರಿಸಿ ನೋಡಿ, “ಮಾಮ, ಶೂ ಬದಲಾಯಿಸಿ ಒಂದ್ಸಲ ಹಾರು” ಎಂದ. ಸಾದಾ ಪೆಡಲ್ ಹಾಕಿ, ಸಾದಾ ಶೂ ತೊಟ್ಟು ಹೋದೆ. ಮೈಯೆಲ್ಲ ಮೇಲೆ ನೆಗೆಯಿತು, ಕಾಲು ಪೆಡಲ್ ಬಿಟ್ಟು ಎದ್ದಿತು, ಸೈಕಲ್ಲು ನೆಲದಲ್ಲೇ ಉಳಿಯಿತು. ಕೆಳಗೆ ಬರುವಾಗ ಬಲಗಾಲು ಪೆಡಲಿನ ಮೇಲೆ ಕೂರದೆ ಜಾರಿ, ಪೆಡಲಿನ ಮೊಳೆಯಂಥ ಪಿನ್ನುಗಳು ಮೊಣಕಾಲ ಕೆಳಗಿನ ಮೂಳೆಯ ಉದ್ದಕ್ಕೂ ನಾಲ್ಕು ಗೆರೆ ಎಳೆದವು. ಮೊದಲು ಬಿಳಿ ಗೆರೆ, ಒಂದು ಕ್ಷಣ ಬಿಟ್ಟು ಕೆಂಪು. ಆ ಗುರುತು ಇವತ್ತಿಗೂ ಇದೆ. “ನೀನು ಹಾರ್ತಾ ಇರಲಿಲ್ಲ, ಸೈಕಲ್ಲನ್ನ ಕಾಲಲ್ಲಿ ಎಳ್ಕೊಂಡು ಹೋಗ್ತಿದ್ದೆ” ಎಂದ ಹುಡುಗ. ರಕ್ತ ಒರೆಸಿಕೊಳ್ಳುತ್ತಿದ್ದವನಿಗೆ ಹೇಳುವ ಮಾತೇ ಅದು? ಆದರೆ ನಿಜವಾಗಿತ್ತು.

ಈ ಎರಡು ಪೆಡಲ್‌ಗಳ ನಡುವಿನ ವ್ಯತ್ಯಾಸ ಇಲ್ಲಿದೆ. ಕ್ಲಿಪ್‌ಲೆಸ್ ನಮ್ಮ ತಪ್ಪನ್ನು ಮುಚ್ಚಿಹಾಕುತ್ತದೆ, ಸಾದಾ ಪೆಡಲ್ ಅದನ್ನು ಬಯಲಿಗೆಳೆಯುತ್ತದೆ. ಸಾದಾ ಪೆಡಲಿನಲ್ಲಿ ಹಿಂದಿನ ಚಕ್ರ ಏಳಬೇಕಾದರೆ ಕಾಲ್ಬೆರಳು ಕೆಳಮುಖವಾಗಿ, ಪಾದ ಪೆಡಲನ್ನು ಹಿಂದಕ್ಕೆ ಒತ್ತಬೇಕು. ಗೋಡೆಗೆ ಕಾಲು ಕೊಟ್ಟು ಹಿಂದಕ್ಕೆ ಒತ್ತಿ ಹತ್ತುವ ಹಾಗೆ. ಹ್ಯಾಂಡಲ್ ಮುಂದಕ್ಕೆ ಹೋಗುತ್ತಿರುವಾಗಲೇ ಪಾದ ಹಿಂದಕ್ಕೆ ಒತ್ತಿದರೆ ಸೈಕಲ್ಲು ಈ ಎರಡರ ನಡುವೆ ಸಿಕ್ಕಿಕೊಂಡು ಮೇಲೆ ಬರುತ್ತದೆ. ಒಂದು ಒತ್ತಡ ತಪ್ಪಿದರೂ ಕಾಲು ಕಳಚಿಕೊಳ್ಳುತ್ತದೆ. ಹಾಗಾಗಿ ಒಂದೊಂದು ಪ್ರಯತ್ನಕ್ಕೂ ಉತ್ತರ ಕೂಡಲೇ ಕೈಗೆ ಸಿಗುತ್ತದೆ, ಕೆಲವೊಮ್ಮೆ ಮೂಳೆಗೂ ಸಿಗುತ್ತದೆ. ಸಾದಾ ಪೆಡಲ್ ಹಾಕುವವರು ಮೊದಲ ದಿನವೇ ಮೊಣಕಾಲ ಕೆಳಗಿನ ಪ್ಯಾಡ್ ಕಟ್ಟಿಕೊಳ್ಳಿ. ಹೆಲ್ಮೆಟ್ ಬಗ್ಗೆ ಹೇಳುವುದೇ ಬೇಡ ಅಂದುಕೊಂಡಿದ್ದೇನೆ.

ಇಂಗ್ಲಿಷ್ ಹಾಪನ್ನು ತಪ್ಪು ಹಾರಿಕೆ ಎಂದು ಹೀಗಳೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ವೇಗವಾಗಿ ಹೋಗುತ್ತಿರುವಾಗ ದಿಢೀರನೆ ಗುಂಡಿಯೋ ಬೇರೋ ಕಂಡರೆ ಸೊಂಟವನ್ನು ಹಿಂದಕ್ಕೆಸೆದು ‘ಎಲ್’ ಬರೆಯುತ್ತ ಕೂರಲು ಯಾರಿಗೆ ಪುರುಸೊತ್ತು? ಅಲ್ಲಿ ಸಮನಾಗಿ ಎದ್ದು ಸಮನಾಗಿ ಇಳಿಯುವುದೇ ಸರಿ. ಅಗಲವಾದ ಅಡ್ಡಿಗೂ ಅದೇ ವಾಸಿ. ಎತ್ತರ ಬೇಕಾದಾಗ, ಮುಂದೆ ಟ್ರಿಕ್ ಕಲಿಯುವ ಆಸೆ ಇದ್ದಾಗ ಮಾತ್ರ ಅಮೆರಿಕನ್ ಹಾಪ್ ಬಿಟ್ಟು ಬೇರೆ ದಾರಿಯಿಲ್ಲ. ಅದರಲ್ಲಿ ಇಡೀ ಸೈಕಲ್ಲಿನ ಭಾರವನ್ನು ಒಮ್ಮೆಗೇ ಎತ್ತಬೇಕಿಲ್ಲ. ಸೈಕಲ್ಲು ಹಿಂದಿನ ಚಕ್ರವನ್ನು ಕೀಲು ಮಾಡಿಕೊಂಡು ಏಳುತ್ತದೆ, ನಾವು ಆ ಚಕ್ರದ ಮೇಲಿಂದ ಜಿಗಿಯುತ್ತೇವೆ. ಸ್ಕೇಟ್‌ಬೋರ್ಡಿನ ಆಲಿ, ಅಂದರೆ ಕೈ ಹಚ್ಚದೆ ಕಾಲಿನಿಂದಲೇ ಹಲಗೆ ಎಬ್ಬಿಸಿ ಹಾರುವುದನ್ನು, ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲೂ ಮೊದಲು ಹಲಗೆಯ ಮೂಗು ಮೇಲೆ, ಆಮೇಲೆ ಬಾಲ ಸಮ. ಸ್ಕೇಟರ್ ಅಲನ್ ಗೆಲ್ಫಾಂಡ್ 1970ರ ದಶಕದ ಕೊನೆಯಲ್ಲಿ ಸ್ಕೇಟಿಂಗಿಗೆಂದು ಕಟ್ಟಿದ ಬೋಗುಣಿಯಂಥ ಗುಂಡಿಗಳ ಇಳಿಜಾರಿನಲ್ಲಿ ಮಾಡುತ್ತಿದ್ದ ಆಲಿಯನ್ನು ಇನ್ನೊಬ್ಬ ಸ್ಕೇಟರ್ ರಾಡ್ನಿ ಮಲನ್ 1980ರ ದಶಕದ ಆರಂಭದಲ್ಲಿ ಚಪ್ಪಟೆ ನೆಲಕ್ಕೆ ಇಳಿಸಿದ. ಚಪ್ಪಟೆ ನೆಲದಿಂದ ಏನನ್ನಾದರೂ ಎಬ್ಬಿಸುವ ಕಷ್ಟ ಎಲ್ಲರಿಗೂ ಒಂದೇ.

ಇನ್ನು ಸೈಕಲ್. ನನ್ನದು 29 ಇಂಚಿನ ಚಕ್ರದ ಹಾರ್ಡ್‌ಟೇಲ್: ಮುಂದೆ ಮಾತ್ರ ಸಸ್ಪೆನ್ಷನ್, ತೂಕ 14 ಕಿಲೋ ಹತ್ತಿರ. ಎರಡನೆಯದು ಅಳಿಯನ 20 ಇಂಚಿನ ಬಿಎಂಎಕ್ಸ್, ಸುಮಾರು 11 ಕಿಲೋ. ತೂಕಕ್ಕಿಂತ ಮುಖ್ಯವಾದ ಅಳತೆ ಬೇರೆ ಇದೆ, ಎರಡೂ ಪೆಡಲಿನ ತೋಳುಗಳು ಕೂಡುವ ನಡು ಅಕ್ಷದಿಂದ ಹಿಂದಿನ ಚಕ್ರದ ಅಕ್ಷದವರೆಗಿನ ದೂರ. ಟೇಪು ಹಿಡಿದು ಅಳೆದೆ. ನನ್ನದರಲ್ಲಿ 43.5 ಸೆಂಟಿಮೀಟರ್, ಅವನದರಲ್ಲಿ 34. ಈ ದೂರ ಕಡಿಮೆ ಇದ್ದಷ್ಟೂ ನಿಮ್ಮ ಭಾರ ಹಿಂದಿನ ಚಕ್ರಕ್ಕೆ ಹತ್ತಿರವಾಗುತ್ತದೆ, ಮುಂದಿನದು ಹಗುರಾಗಿ ಏಳುತ್ತದೆ. ನನ್ನ ಸೈಕಲ್ಲಿನಲ್ಲಿ ಸೊಂಟ ಎಷ್ಟು ಹಿಂದೆ ಹೋದರೂ ಮುಂದಿನ ಚಕ್ರ ಬೇಕೋ ಬೇಡವೋ ಎಂಬಂತೆ ಏಳುತ್ತಿತ್ತು. ಬಿಎಂಎಕ್ಸಿನಲ್ಲಿ ಅಷ್ಟೇ ಬಲ ಹಾಕಿದ್ದಕ್ಕೆ ಮೊದಲ ಪ್ರಯತ್ನದಲ್ಲೇ ಸೈಕಲ್ಲು ಕಾಲ ಕೆಳಗಿಂದ ಮುಂದಕ್ಕೆ ಹಾರಿಹೋಯಿತು, ನಾನು ಬೆನ್ನ ಮೇಲೆ ಬಿದ್ದೆ. ಆಕಾಶ ಬಹಳ ಸ್ವಚ್ಛವಾಗಿತ್ತು.

ಎರಡನೆಯ ವ್ಯತ್ಯಾಸ ಫೋರ್ಕಿನದು, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವೆಯದು. ಹಾರುವ ಮುನ್ನ ಕೆಳಕ್ಕೆ ಒತ್ತುತ್ತೇವಲ್ಲ, ಆ ಒತ್ತಡದ ಒಂದು ಪಾಲನ್ನು ಸಸ್ಪೆನ್ಷನ್ ನುಂಗಿಬಿಡುತ್ತದೆ. ಅದರ ಜೊತೆ ತಾಳ ಹೊಂದಿಸಿದರೆ ವಾಪಸ್ ಕೊಡುತ್ತದೆ, ಆದರೆ ಆ ತಾಳ ಹೊಸಬನ ಕೈಗೆ ಸಿಗುವುದಿಲ್ಲ. ಸಸ್ಪೆನ್ಷನ್ ಕುಸಿಯದ ಹಾಗೆ ಲಾಕ್ ಮಾಡಿ ಹಾರಿದ ದಿನ ನನ್ನ ಸೈಕಲ್ಲೂ ಸ್ವಲ್ಪ ಮಾತು ಕೇಳಿತು. ಬಿಎಂಎಕ್ಸಿನಲ್ಲಿ ಈ ರಗಳೆಯೇ ಇಲ್ಲ. ಗಟ್ಟಿ ಫೋರ್ಕು, ಗಟ್ಟಿ ಟಯರು. ಒತ್ತಿದ್ದು ಒತ್ತಿದ ಹಾಗೇ ತಿರುಗಿ ಬರುತ್ತದೆ.

ಬಿಎಂಎಕ್ಸಿಗೆ ಬಂದ ಮೂರನೇ ವಾರ 25 ಸೆಂಟಿಮೀಟರ್ ದಾಟಿದೆ. ಐದನೇ ತಿಂಗಳ ಕೊನೆಗೆ 36. ಅದೇ ಹೊತ್ತಿಗೆ ನನ್ನ ಹಾರ್ಡ್‌ಟೇಲಿನಲ್ಲಿ 24. ಅದರಲ್ಲೇ ಕಲಿತಿದ್ದರೆ ಇಷ್ಟೂ ಬರುತ್ತಿತ್ತೇ ಎಂಬ ಅನುಮಾನ ನನಗಿದೆ. ಚಿಕ್ಕ ಸೈಕಲ್ಲು ಮೈಗೆ ಚಲನೆಯನ್ನು ಕಲಿಸಿತು, ದೊಡ್ಡದು ಅದನ್ನು ನಿಧಾನಕ್ಕೆ ಒಪ್ಪಿಕೊಂಡಿತು. ಸಾಲ ಕೊಡುವವರು ಸಿಕ್ಕರೆ ಒಂದು ತಿಂಗಳಾದರೂ ಬಿಎಂಎಕ್ಸ್ ಇಟ್ಟುಕೊಳ್ಳಿ. ಸಿಗದಿದ್ದರೂ ಕಲಿಯಬಹುದು, ಸೀಟನ್ನು ಪೂರ್ತಿ ಇಳಿಸಿ, ಫೋರ್ಕ್ ಲಾಕ್ ಮಾಡಿ, ತಾಳ್ಮೆ ಇಟ್ಟುಕೊಳ್ಳಿ. ಸೀಟು ಇಳಿಸದೆ ಹಾರಲು ಹೋದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ವೀಲಿ ಮೊದಲೋ, ಮ್ಯಾನ್ಯುಯಲ್ ಮೊದಲೋ ಎಂಬ ಜಗಳವೂ ಇದೆ. ವೀಲಿಯಲ್ಲಿ ಪೆಡಲ್ ತುಳಿಯುತ್ತ ಮುಂದಿನ ಚಕ್ರ ಎತ್ತಿಡುತ್ತೇವೆ, ಮ್ಯಾನ್ಯುಯಲಿನಲ್ಲಿ ತುಳಿಯದೆ ಬರೀ ಸೊಂಟದ ತೂಕದಿಂದ. ಮ್ಯಾನ್ಯುಯಲ್ ಪಳಗಿದ ಮೇಲೆಯೇ ಹಾಪ್ ಎಂದು ಹಲವರು ಹೇಳಿದ್ದಕ್ಕೆ ಮೂರು ವಾರ ಅದಕ್ಕೇ ಸುರಿದೆ. ದಂಡ. ಹಾಪಿಗೆ ಬೇಕಾದದ್ದು ಮ್ಯಾನ್ಯುಯಲಿನ ಮೊದಲ ಅರ್ಧ ಸೆಕೆಂಡು, ಸೊಂಟ ಹಿಂದಕ್ಕೆ ಹೋಗಿ ಚಕ್ರ ಎದ್ದ ಆ ಗಳಿಗೆ ಮಾತ್ರ. ಅದನ್ನು ಹತ್ತು ಮೀಟರ್ ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ವೀಲಿಯಿಂದ ಒಂದು ಲಾಭವಾಯಿತು, ಹಿಂದಿನ ಬ್ರೇಕಿನ ಮೇಲೆ ಸದಾ ಒಂದು ಬೆರಳಿಡುವ ಅಭ್ಯಾಸ. ಹಿಂದಕ್ಕೆ ಮಗುಚುತ್ತೇನೆ ಅನಿಸಿದಾಗ ಅದನ್ನು ಮುಟ್ಟಿದರೆ ಸಾಕು, ಮುಂದಿನ ಚಕ್ರ ಕೆಳಗಿಳಿಯುತ್ತದೆ. ಇದನ್ನು ಬೆನ್ನ ಮೇಲೆ ಬೀಳುವ ಮೊದಲೇ ಕಲಿತಿದ್ದರೆ ಚೆನ್ನಾಗಿತ್ತು.

ಹುಲ್ಲೋ ಟಾರೋ? ಹುಲ್ಲಿನ ಮೇಲೆ ಬಿದ್ದರೆ ನೋವು ಕಡಿಮೆ, ಆದರೆ ಅದು ವೇಗವನ್ನೂ ಒತ್ತಡವನ್ನೂ ಹೀರಿಕೊಳ್ಳುತ್ತದೆ. ಮೊದಲ ಎರಡು ದಿನ ಹುಲ್ಲು, ಆಮೇಲೆ ಟಾರು.

ಗಾಳಿಯ ಬಗ್ಗೆ ಒಂದು ಕಹಿ ಅನುಭವ. ಹಾರ್ಡ್‌ಟೇಲಿನ ಟಯರಿಗೆ 25 ಪಿಎಸ್‌ಐ ಇಟ್ಟು ಹಾರುತ್ತಿದ್ದೆ. ಕಾಡುದಾರಿಗೆ ಅದೇ ಹಿತ. ಡಬ್ಬ ಬಿಟ್ಟು ಕಲ್ಲಿನ ಅಂಚು ಹತ್ತಲು ಹೋದ ದಿನ ಹಿಂದಿನ ಚಕ್ರ ಅಂಚಿಗೆ ಬಡಿಯಿತು, ಬುಸ್ ಎಂದಿತು. ಟ್ಯೂಬ್ ತೆಗೆದು ನೋಡಿದರೆ ಅಕ್ಕಪಕ್ಕ ಎರಡು ಸಣ್ಣ ತೂತು, ಹಾವು ಕಚ್ಚಿದ ಹಾಗೆ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿದ್ದರ ಗುರುತದು. 35ಕ್ಕೆ ಏರಿಸಿದ ಮೇಲೆ ಅದು ಮರುಕಳಿಸಲಿಲ್ಲ, ಒತ್ತುವಾಗ ಟಯರ್ ಕುಸಿಯುವುದೂ ನಿಂತಿತು. ಬಿಎಂಎಕ್ಸಿನಲ್ಲಿ 55 ಇತ್ತು.

ಇದೆಲ್ಲದರ ನಡುವೆ ಪುಕ್ಕಟೆಯಾಗಿ ಸಿಕ್ಕ ಮೇಷ್ಟ್ರು ಮೊಬೈಲು. ಇಟ್ಟಿಗೆಗೆ ಒರಗಿಸಿ, ಪಕ್ಕದಿಂದ ಕಾಣುವ ಹಾಗೆ, ಸ್ಲೋ ಮೋಷನ್‌ನಲ್ಲಿ. ಸೊಂಟ ಹ್ಯಾಂಡಲ್ಲಿಗೆ ತಾಗುತ್ತಿದೆ ಎಂದು ಆಣೆ ಮಾಡಿ ಹೇಳುತ್ತಿದ್ದೆ. ವಿಡಿಯೋದಲ್ಲಿ ಎರಡರ ನಡುವೆ ಒಂದು ಮೊಳ ಜಾಗ. ಮೊಣಕೈ ಮಡಿಸಿ ಹ್ಯಾಂಡಲ್ಲನ್ನು ಎದೆಗೆ ಎಳೆಯುತ್ತಿದ್ದೇನೆ, ಕಾಲು ಪೂರ್ತಿ ನೇರವಾಗುವ ಮೊದಲೇ ಹಾರಲು ಅವಸರಪಡುತ್ತಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅಲ್ಲಿಯತನಕ ಸೈಕಲ್ಲಿನ ತೂಕವನ್ನು ಬೈಯುತ್ತಿದ್ದೆ. ಹಿಂದಿನ ಚಕ್ರದ ಮೇಲೆ ಒಂದು ಕ್ಷಣ ಪೂರ್ತಿ ಎದ್ದು ನಿಲ್ಲುವ ಧೈರ್ಯ ಬಂದ ದಿನವೇ ಡಬ್ಬದ ಮೇಲೆ ಅಚ್ಚು ಬೀಳುವುದು ನಿಂತಿತು.

ಮುಂದಿನ ಟ್ರಿಕ್‌ಗಳಿಗೆ ಈ ಎರಡು ಹಾರಿಕೆಗಳ ಅಂತರ ಇನ್ನಷ್ಟು ಹಿಗ್ಗುತ್ತದೆ. 180, ಅಂದರೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ ಹಿಮ್ಮುಖವಾಗಿ ಇಳಿಯುವುದು, ಇಂಗ್ಲಿಷ್ ಹಾಪಿನಿಂದ ನನಗೆ ಕಾಲು ಸುತ್ತಿಗಿಂತ ಹೆಚ್ಚು ಬರಲಿಲ್ಲ. ಅಮೆರಿಕನ್ ಹಾಪಿನಲ್ಲಿ ಮುಂದಿನ ಚಕ್ರ ಏಳುವಾಗಲೇ ತಲೆ, ಭುಜ ತಿರುಗಿಸಿಬಿಟ್ಟರೆ ಹಿಂದಿನದು ಹಿಂಬಾಲಿಸುತ್ತದೆ. ಇಳಿದ ಮೇಲೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಹಿಂದಿನ ಚಕ್ರದ ನಡುವಿನ ಗುಂಬಕ್ಕೆ ಹಬ್ ಎನ್ನುತ್ತಾರೆ. ಸಾಮಾನ್ಯ ಹಬ್ ಇದ್ದು ಸೈಕಲ್ಲು ಹಿಂದಕ್ಕೆ ಉರುಳಿದರೆ ಪೆಡಲೂ ಹಿಂದಕ್ಕೆ ತಿರುಗುತ್ತದೆ, ನೀವೂ ಹಿಮ್ಮುಖ ತುಳಿಯಬೇಕು. ಫ್ರೀಕೋಸ್ಟರ್ ಎಂಬ ಬಗೆಯ ಹಬ್ ಇದ್ದರೆ ಕಾಲು ಸುಮ್ಮನಿಟ್ಟುಕೊಂಡು ಉರುಳಬಹುದು. ಎರಡನ್ನೂ ಓಡಿಸಿ ನೋಡಿದೆ. ಫ್ರೀಕೋಸ್ಟರ್ ಆರಾಮ, ನಿಜ. ಆದರೆ ಮುಂದಕ್ಕೆ ತುಳಿಯಲು ಶುರು ಮಾಡಿದಾಗ ಹಿಡಿತ ಸಿಗುವ ಮುನ್ನ ಪೆಡಲ್ ಸ್ವಲ್ಪ ದೂರ ಖಾಲಿ ತಿರುಗುತ್ತದೆ, ಅದು ನನ್ನ ಕಾಲಿಗೆ ಒಗ್ಗಲಿಲ್ಲ.

ಬೀಳುವುದು ಬೇಸರವಾದಾಗ ಟೋಕಿಯೋ ಒಲಿಂಪಿಕ್ಸಿನ ಬಿಎಂಎಕ್ಸ್ ಫ್ರೀಸ್ಟೈಲ್ ನೆನೆಸಿಕೊಳ್ಳುತ್ತೇನೆ. ಈ ಆಟ ಒಲಿಂಪಿಕ್ಸಿಗೆ ಬಂದದ್ದೇ ಅಲ್ಲಿ, 2021ರಲ್ಲಿ. ಬ್ರಿಟನ್ನಿನ ಷಾರ್ಲೆಟ್ ವರ್ದಿಂಗ್ಟನ್ ಮೊದಲ ಸರದಿಯಲ್ಲಿ 360 ಬ್ಯಾಕ್‌ಫ್ಲಿಪ್, ಅಂದರೆ ಹಿಂದಕ್ಕೆ ಪಲ್ಟಿ ಹೊಡೆಯುತ್ತಲೇ ಪೂರ್ತಿ ಒಂದು ಸುತ್ತು ತಿರುಗುವುದನ್ನು, ಮಾಡಲು ಹೋಗಿ ಬಿದ್ದರು. ಎರಡನೆಯದರಲ್ಲಿ ಅದನ್ನೇ ಮತ್ತೆ ಮಾಡಿ ಚಿನ್ನ ಗೆದ್ದರು. ನನ್ನದು ರಟ್ಟಿನ ಡಬ್ಬ, ಅದು ಬೇರೆ ಮಾತು.

ಈಗ ಹಾರ್ಡ್‌ಟೇಲಿಗೆ ಸಾದಾ ಪೆಡಲ್ಲೇ ಕೂತಿದೆ, ಕ್ಲಿಪ್ ಶೂ ದೂರದ ಓಟಗಳಿಗೆ ಮಾತ್ರ ಹೊರಬರುತ್ತದೆ. ಬಿಎಂಎಕ್ಸ್ ವಾಪಸ್ ಕೊಟ್ಟು ಮೂರು ವಾರವಾಯಿತು. ಎಡಕ್ಕೆ ತಿರುಗುವ 180 ಹತ್ತಕ್ಕೆ ಆರು ಸಲ ಬರುತ್ತದೆ. ಬಲಕ್ಕೆ ಒಂದೂ ಬಂದಿಲ್ಲ.