ಶನಿವಾರದ ಎರಡು ತಾಸು: ಎನ್‌ಎಂಎಂಎಸ್ ತಯಾರಿಯೋ, ಟಿಂಕರಿಂಗ್ ಲ್ಯಾಬೋ?

ಹಾವೇರಿ ಕಡೆಯ ಸರ್ಕಾರಿ ಶಾಲೆಯಲ್ಲಿ ಗಣಿತಕ್ಕೆಂದು ಶನಿವಾರ ಎರಡು ತಾಸು ಸಿಕ್ಕರೆ ಏನು ಮಾಡಿಸುವುದು?

ಎನ್‌ಎಂಎಂಎಸ್ ಅಂದರೆ ಬಡ ಮನೆಯ ಚುರುಕು ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಅದರ ಲಾಭ ಕಣ್ಣಿಗೆ ಕಾಣುತ್ತದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹುಡುಗಿಯನ್ನು ಶಾಲೆಯಲ್ಲಿ ಉಳಿಸಲು ಆ ದುಡ್ಡು ದೊಡ್ಡದೇ. ಆದರೆ ತಯಾರಿ ನಾಲ್ಕೈದು ಚುರುಕು ಮಕ್ಕಳ ಸುತ್ತಲೇ ತಿರುಗುತ್ತದೆ. ಹಿಂದಿನ ಬೆಂಚಿನವರು ಸುಮ್ನೆ ಕೂತಿರುತ್ತಾರೆ.

ಅಟಲ್ ಟಿಂಕರಿಂಗ್ ಲ್ಯಾಬ್ ಅಂದರೆ ಶಾಲೆಯಲ್ಲೇ ಮಕ್ಕಳು ಕೈಯಾರೆ ಮಾಡಿ ಕಲಿಯುವ ಕೋಣೆ, ಆರರಿಂದ ಹನ್ನೆರಡನೇ ತರಗತಿಯವರಿಗೆ. ಸೆನ್ಸರ್, ಮೋಟಾರು, 3ಡಿ ಪ್ರಿಂಟರ್ ಇರುತ್ತವೆ. ಹೊಲದ ತೇವ ನೋಡಿ ಪಂಪ್ ನಿಲ್ಲಿಸುವ ಸರ್ಕ್ಯೂಟ್ ಕಟ್ಟುವಾಗ ಶೇಕಡಾ ಲೆಕ್ಕ ತಾನಾಗಿ ತಲೆಗೆ ಹೋಗುತ್ತದೆ. ಹಿಂದಿನ ಬೆಂಚೂ ಎದ್ದು ಬರುತ್ತದೆ! ಒಂದೇ ತೊಡಕು: ಸ್ಕ್ರೂಡ್ರೈವರ್ ಹುಡುಗರ ಕೈಗೆ, ವರದಿ ಬರೆಯುವ ಪೆನ್ನು ಹುಡುಗಿಯರ ಕೈಗೆ ಹೋಗಿಬಿಡುತ್ತದೆ. ಪಾಳಿ ಹಚ್ಚಿ. ಲ್ಯಾಬ್‌ಗೆ ಬೀಗ ಬಿದ್ದಿದ್ದರಂತೂ ಕೇಳಲೇಬೇಡಿ.

ಲ್ಯಾಬೇ ಇಲ್ಲವಾ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ವರ್ಷಕ್ಕೊಮ್ಮೆ ಸರಿ, ವಾರವಾರ ಆಗದು.

ನಾನಾದರೆ ಆರು-ಏಳಕ್ಕೆ ಲ್ಯಾಬ್, ಎಂಟಕ್ಕೆ ಜೂನ್‌ನಿಂದಲೇ ಎನ್‌ಎಂಎಂಎಸ್. ಏಳರಲ್ಲಿ ಶೇ. 55 ಅಂಕ ಬೇಕು (ಪರಿಶಿಷ್ಟರಿಗೆ 50), ಅದನ್ನು ಪಾಲಕರಿಗೆ ಮೊದಲೇ ಹೇಳಿಡಿ.