ಬರ್ಮುಡಾದಿಂದ ಅಜೋರ್ಸ್‌ಗೆ: ಟ್ರಾಲರ್ ಯಾಟ್ ಒಳ್ಳೆಯದೋ, ವೇಗದ ಯಾಟ್ ಒಳ್ಳೆಯದೋ?

ಅಟ್ಲಾಂಟಿಕ್ ಸಾಗರದ ಬರ್ಮುಡಾದಿಂದ ಅದೇ ಸಾಗರದ ಅಜೋರ್ಸ್ ದ್ವೀಪಗಳ ಹೋರ್ಟಾ ಬಂದರಿಗೆ ಸುಮಾರು 1,800 ನಾಟಿಕಲ್ ಮೈಲಿ (ಸುಮಾರು 3,300 ಕಿ.ಮೀ.) ದೂರವಿದ್ದು, ನಡುವೆ ಡೀಸೆಲ್ ತುಂಬಿಸಿಕೊಳ್ಳಲು ಒಂದು ದ್ವೀಪವೂ ಇಲ್ಲ. ಆದ್ದರಿಂದ ಈ ದಾರಿಗೆ ಮೋಟಾರ್ ಯಾಟ್ (ಎಂಜಿನ್ನಿನಿಂದ ಓಡುವ ವಿಹಾರ ನೌಕೆ) ಕೊಳ್ಳುವವರು ಎಂಜಿನ್ನಿನ ಬಲಕ್ಕಿಂತ ಮೊದಲು ಒಡಲಿನ ಆಕಾರವನ್ನು ನೋಡಬೇಕು.

ನೀರನ್ನು ಸೀಳಿಕೊಂಡು ಸಾಗುವ ಟ್ರಾಲರ್ ಮಾದರಿಯ ಯಾಟ್ ನೀರಿನ ಮಟ್ಟದಲ್ಲಿ 36 ಅಡಿ ಉದ್ದವಿದ್ದರೆ ಅದರ ವೇಗದ ಮಿತಿ ಸುಮಾರು 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲಿ). ಅದನ್ನು 6 ನಾಟ್‌ಗೆ ಇಳಿಸಿದರೆ ಪಯಣಕ್ಕೆ ಹನ್ನೆರಡೂವರೆ ದಿನ ಹಿಡಿಯುತ್ತದೆ, ಆದರೆ ಪ್ರತಿ ಮೈಲಿಗೆ ತಗಲುವ ಡೀಸೆಲ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರಿನ ಮೇಲೆದ್ದು ಓಡುವ ಯಾಟ್ 20 ನಾಟ್ ಮೀರಬಲ್ಲದು. ಕರಾವಳಿಯ ವಿಹಾರಕ್ಕೆ ಅದೇ ಸೊಗಸು. ಆದರೆ ಸಾಗರ ದಾಟುವಷ್ಟು ಡೀಸೆಲ್ ಹೇರಿದರೆ ಅದು ಮೇಲೇಳಲು ತಿಣುಕುತ್ತದೆ.

ನನ್ನ ಆಯ್ಕೆ ಟ್ರಾಲರ್. ಪಾಳಿ ಬದಲಾದಾಗಲೆಲ್ಲ ಡೀಸೆಲ್ ಟ್ಯಾಂಕಿನ ಪಕ್ಕದ ಗಾಜಿನ ಕೊಳವೆಯಲ್ಲಿ ಮಟ್ಟವನ್ನು ಓದಿ, ದಾಟಿದ ಮೈಲಿಗಳ ಜೊತೆಗೆ ಬರೆದಿಟ್ಟರೆ, ಉಳಿದ ದಾರಿಗೆ ಇಂಧನ ಸಾಲುತ್ತದೆಯೇ ಎಂಬುದು ಎರಡು ಮೂರು ದಿನಗಳಲ್ಲೇ ತಿಳಿದು, ವೇಗ ತಗ್ಗಿಸಲು ಇನ್ನೂ ಕಾಲಾವಕಾಶ ಇರುತ್ತದೆ. ಎದುರುಗಾಳಿಗೆಂದು ಟ್ಯಾಂಕಿನ ಐದನೆಯ ಒಂದು ಭಾಗವನ್ನು ಲೆಕ್ಕದಿಂದ ಹೊರಗೇ ಇಡಬೇಕು.