ಬಿಬಿಸಿ ಮೈಕ್ರೋ ಮಾಡೆಲ್ ಬಿ: ಮಲೆನಾಡಿನ ಮನೆಗೆ ಒಗ್ಗುತ್ತದೆಯೇ?

ಹಳೆಯ ಹೋಂ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವ ಆಸೆಯಿದ್ದರೆ 1981ರ ಈ ಯಂತ್ರವನ್ನೇ ಹುಡುಕಿ. ರೆಸಲ್ಯೂಷನ್ ಬದಲಿಸಲು ಮೋಡ್ ಎಂಬ ಒಂದೇ ಕಮಾಂಡ್ ಸಾಕು. ತೊಡಕಿರುವುದು ಮೆಮೊರಿಯಲ್ಲಿ. ಇರುವುದೇ 32 ಕೆಬಿ, ಸ್ಕ್ರೀನಿಗೂ ಅದರಲ್ಲೇ ಪಾಲು. ಮೋಡ್ 0 ಅಂದರೆ 640×256, ಎರಡು ಬಣ್ಣ. ಮೋಡ್ 2 ಅಂದರೆ 160×256, 16 ಬಣ್ಣ, ಅದರಲ್ಲಿ ಎಂಟು ಮಿನುಗುವಂಥವು. ಎರಡೂ ತಲಾ 20 ಕೆಬಿ ನುಂಗುತ್ತವೆ. ಪ್ರೋಗ್ರಾಮ್ ಉಳಿಸಿಡಲು ಕ್ಯಾಸೆಟ್ ಬಳಸಿದರೆ ಈ ಮೋಡುಗಳಲ್ಲಿ ಪ್ರೋಗ್ರಾಮಿಗೆ ಉಳಿಯುವುದು 8,704 ಬೈಟ್. ಯಂತ್ರದ ತಯಾರಕರಾದ ಏಕಾರ್ನ್‌ನವರ ಡಿಸ್ಕ್ ರಾಮ್ (ROM, ಡಿಸ್ಕ್ ನಡೆಸುವ ಚಿಪ್) ಇದ್ದರೆ ಬರೀ 5,888. ಹಾಗಾಗಿ ನಮ್ಮ ಆಯ್ಕೆ ಮೋಡ್ 4: 320×256, 10 ಕೆಬಿ.

ಮೋಡ್ ಬದಲಿಸಿದ ಕೂಡಲೇ ಸ್ಕ್ರೀನ್ ಅಳಿಸಿಹೋಗುತ್ತದೆ. ಪ್ರೊಸೀಜರಿನ (ಹೆಸರಿಟ್ಟು ಕರೆಯುವ ಪ್ರೋಗ್ರಾಮಿನ ತುಣುಕು) ಒಳಗೆ ಬದಲಿಸಹೊರಟರೆ 'ಬ್ಯಾಡ್ ಮೋಡ್' ಎರರ್ ಬರುತ್ತದೆ. ಮೆಮೊರಿ ಸಾಲದಿದ್ದರೂ ಅದೇ ಸಂದೇಶ. ಗ್ರಾಫಿಕ್ಸ್ ಮೋಡ್ ಯಾವುದೇ ಆದರೂ ಚಿತ್ರದ ಅಳತೆ 1280×1024 ಎಂದೇ ಲೆಕ್ಕ, ಗೆರೆ ಎಳೆಯುವ ಕಮಾಂಡುಗಳನ್ನು ಮೋಡಿಗೆ ತಕ್ಕಂತೆ ತಿದ್ದಬೇಕಿಲ್ಲ. ಇದು ನಿಜಕ್ಕೂ ಜಾಣ ವಿನ್ಯಾಸ. ಟಿವಿಯಲ್ಲಿ ಮೇಲಿನ ಸಾಲು ಕತ್ತರಿಸಿದಂತೆ ಕಂಡರೆ '*ಟಿವಿ 255' ಕೊಟ್ಟು ಮತ್ತೊಮ್ಮೆ ಮೋಡ್ ಹಾಕಿ, ಚಿತ್ರ ಒಂದು ಸಾಲು ಕೆಳಗಿಳಿಯುತ್ತದೆ.

ಶಿವಮೊಗ್ಗ, ತೀರ್ಥಹಳ್ಳಿ ಕಡೆಯ ಮಳೆಗಾಲದ ಥಂಡಿ ಇದರ ಪವರ್ ಸಪ್ಲೈಗೆ ಶತ್ರು. ಒಳಗಿನ ಹಳೆಯ ಫಿಲ್ಟರ್ ಕೆಪಾಸಿಟರುಗಳ ಕವಚ ಬಿರುಕುಬಿಟ್ಟು ತೇವ ಹೀರಿ, ಹೊಗೆ ಏಳುತ್ತದೆ. ಕರೆಂಟ್ ಕೊಡುವ ಮೊದಲೇ 0.1 ಮತ್ತು 0.01 ಮೈಕ್ರೋಫ್ಯಾರಡ್‌ನ ಎರಡನ್ನೂ ಹೊಸ ಎಕ್ಸ್2 (ಮನೆಯ ಕರೆಂಟ್ ಲೈನಿಗೆ ಸುರಕ್ಷಿತವಾದ) ದರ್ಜೆಯವಕ್ಕೆ ಬದಲು ಮಾಡಿಸಿ.